ಮೆಡಿಟರೇನಿಯನ್ ತೀರದ ಪ್ರವಾಸಿ ಮಲಗುವುದು ಯಾರ ಮನೆಯಲ್ಲಿ?

2025ರ ಜೂನ್ 15ರ ಭಾನುವಾರ ದಕ್ಷಿಣ ಯುರೋಪಿನ ಹಲವು ನಗರಗಳಲ್ಲಿ ಸ್ಥಳೀಯರು ಒಂದೇ ದಿನ ಬೀದಿಗಿಳಿದರು. ಬಾರ್ಸಿಲೋನಾ, ಮಯೋರ್ಕಾ ದ್ವೀಪದ ಪಾಲ್ಮಾ, ವೆನಿಸ್, ಜಿನೋವಾ, ಅಟ್ಲಾಂಟಿಕ್ ತೀರದ ಲಿಸ್ಬನ್ ಹೀಗೆ ಊರುಗಳು ಬೇರೆ ಬೇರೆಯಾಗಿದ್ದರೂ ದೂರು ಮಾತ್ರ ಒಂದೇ ಆಗಿತ್ತು: ಪ್ರವಾಸೋದ್ಯಮದ ಒತ್ತಡಕ್ಕೆ ಸಿಕ್ಕಿ ನಮ್ಮ ಊರಿನಲ್ಲಿ ನಾವೇ ಬಾಳಲಾಗದ ಸ್ಥಿತಿ ಬಂದಿದೆ ಎಂಬುದು. ಅದಕ್ಕೆ ಒಂದು ವರ್ಷ ಮೊದಲು, 2024ರ ಜುಲೈನಲ್ಲಿ, ಬಾರ್ಸಿಲೋನಾದ ಕೆಲವು ಪ್ರತಿಭಟನಕಾರರು ರೆಸ್ಟೋರೆಂಟುಗಳ ಹೊರಗೆ ಕುಳಿತಿದ್ದ ಪ್ರವಾಸಿಗರ ಮೇಲೆ ಆಟಿಕೆ ಪಿಚಕಾರಿಯಿಂದ ನೀರು ಚಿಮ್ಮಿಸಿದ್ದರು. ಆ ಚಿತ್ರ ಜಗತ್ತಿನೆಲ್ಲೆಡೆ ಹರಿದಾಡಿತು. ಹೊರಗಿನಿಂದ ಬಂದವರ ಮೇಲೆ ಊರಿನವರಿಗೆ ಹುಟ್ಟಿದ ಸಿಟ್ಟು ಎಂಬಷ್ಟಕ್ಕೆ ಇಡೀ ಪ್ರಶ್ನೆ ಕುಗ್ಗಿಹೋಯಿತು.

ಸಂಖ್ಯೆಗಳನ್ನು ನೋಡಿದರೆ ಹಾಗೆ ಅನ್ನಿಸುವುದು ಸಹಜ. ಸುಮಾರು 4.9 ಕೋಟಿ ಜನಸಂಖ್ಯೆಯ ಸ್ಪೇನಿಗೆ 2024ರಲ್ಲಿ ಬಂದ ವಿದೇಶಿ ಪ್ರವಾಸಿಗರು ಸುಮಾರು 9.4 ಕೋಟಿ. ಮಯೋರ್ಕಾ, ಇಬಿಝಾ ಮೊದಲಾದವು ಸೇರಿದ ಬಲೆಯಾರಿಕ್ ದ್ವೀಪಗಳಲ್ಲಿ ನೆಲೆಸಿರುವವರು 12 ಲಕ್ಷದಷ್ಟು. ಒಂದು ವರ್ಷದಲ್ಲಿ ಅಲ್ಲಿಗೆ ಬರುವವರು 1.8 ಕೋಟಿ ಮೀರುತ್ತಾರೆ. ಆದರೆ ತಲೆ ಎಣಿಕೆಯಿಂದ ಈ ಬಿಕ್ಕಟ್ಟು ಅರ್ಥವಾಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಷ್ಟೇ ಜನ ಬಂದರೂ ಒಂದು ಊರು ತಾಳಿಕೊಳ್ಳುತ್ತದೆ, ಇನ್ನೊಂದು ಊರು ಖಾಲಿಯಾಗುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ಹುಡುಕಬೇಕಾದರೆ ಕೇಳಬೇಕಾದ ಪ್ರಶ್ನೆ ಬೇರೆ: ಬಂದವರು ರಾತ್ರಿ ಮಲಗುವುದು ಎಲ್ಲಿ, ಆ ಕೋಣೆಯಲ್ಲಿ ಅದಕ್ಕೆ ಮೊದಲು ವಾಸವಿದ್ದವರು ಯಾರು, ಮತ್ತು ಅವರು ಈಗ ಎಲ್ಲಿದ್ದಾರೆ?

ಮೆಡಿಟರೇನಿಯನ್ ಕಡಲತೀರ ಯುರೋಪಿನ ಜನಸಾಮಾನ್ಯರ ರಜೆಯ ತಾಣವಾಗಿ ನೂರು ವರ್ಷವೂ ಆಗಿಲ್ಲ. ಅದಕ್ಕೆ ಮೊದಲು ಫ್ರಾನ್ಸಿನ ನೀಸ್, ಕಾನ್ ಮುಂತಾದ ಊರುಗಳಿಗೆ ಶ್ರೀಮಂತರು ಬರುತ್ತಿದ್ದದ್ದು ಚಳಿಗಾಲ ಕಳೆಯಲು. 1936ರಲ್ಲಿ ಫ್ರಾನ್ಸ್ ತನ್ನ ಕಾರ್ಮಿಕರಿಗೆ ಎರಡು ವಾರಗಳ ವೇತನಸಹಿತ ರಜೆಯನ್ನು ಕಾನೂನಿನ ಮೂಲಕ ಕೊಟ್ಟಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಉತ್ತರದ ಬೇರೆ ದೇಶಗಳಲ್ಲೂ ದುಡಿಯುವವರ ಕೈಗೆ ರಜೆ ಮತ್ತು ಒಂದಿಷ್ಟು ಹಣ ಎರಡೂ ಬಂದವು. 1950ರಲ್ಲಿ ವ್ಲಾದಿಮಿರ್ ರೈಟ್ಸ್ ಎಂಬಾತ ಲಂಡನ್ನಿನಿಂದ ಕೋರ್ಸಿಕಾ ದ್ವೀಪದ ಕಾಲ್ವಿಗೆ ವಿಮಾನ, ಡೇರೆಯಲ್ಲಿ ವಾಸ, ಊಟ ಎಲ್ಲವನ್ನೂ ಸೇರಿಸಿ 32 ಪೌಂಡ್ 10 ಶಿಲ್ಲಿಂಗಿಗೆ ಮಾರಿದ. ಇಂದು ನಮ್ಮೂರುಗಳಲ್ಲೂ ಬಳಕೆಯಲ್ಲಿರುವ ಪ್ಯಾಕೇಜ್ ಟೂರ್ ವಿಮಾನ ಹತ್ತಿದ್ದು ಹಾಗೆ. ಅದೇ ದಶಕದಲ್ಲಿ, ಸರ್ವಾಧಿಕಾರಿ ಫ್ರಾಂಕೋನ ಸ್ಪೇನಿನಲ್ಲಿ, ಬೆನಿಡೋರ್ಮ್ ಎಂಬ ಸಣ್ಣ ಮೀನುಗಾರರ ಊರಿನ ಮೇಯರ್ ಪೆದ್ರೊ ಸರಗೋಸಾ 1956ರಲ್ಲಿ ಒಂದು ನಗರ ಯೋಜನೆ ರೂಪಿಸಿದರು. ಅಗಲವಾದ ರಸ್ತೆಗಳನ್ನು ಗುರುತು ಹಾಕಿ, ಬಾದಾಮಿ ಮರಗಳೂ ಬಂಜರೂ ಇದ್ದ ಜಾಗದಲ್ಲಿ ಹೋಟೆಲುಗಳು ಏಳಲಿ ಎಂಬುದು ಅದರ ಆಶಯ.

ಬೆನಿಡೋರ್ಮ್ ಇಂದು ಆಕಾಶಕ್ಕೆ ಚಾಚಿದ ಕಟ್ಟಡಗಳ ಊರು. ಚೆಲುವಿನ ದೃಷ್ಟಿಯಿಂದ ಅದನ್ನು ಹಳಿಯುವವರು ಬಹಳ ಮಂದಿ, ನಾನೂ ಅದನ್ನು ಸುಂದರ ಎನ್ನಲಾರೆ. ಆದರೆ ಲೆಕ್ಕ ಒಂದು ಮಟ್ಟಿಗೆ ಸರಿಯಾಗಿದೆ. ಅಲ್ಲಿ ಪ್ರವಾಸಿಗೆ ಬೇಕಾದ ಹಾಸಿಗೆಗಳು ಬಹುಪಾಲು ಹೊಸದಾಗಿ ಹುಟ್ಟಿಕೊಂಡವು, ಬೇರೊಬ್ಬರ ಮನೆಯಿಂದ ಕಿತ್ತು ತಂದವಲ್ಲ. ಜನ ಒತ್ತೊತ್ತಾಗಿ ತಂಗುವುದರಿಂದ ಕಡಿಮೆ ಜಾಗ ಸಾಕಾಗುತ್ತದೆ, ನಡೆದೇ ಸಮುದ್ರಕ್ಕೆ ಹೋಗಬಹುದು, ನೀರು ಪೂರೈಕೆಯನ್ನೂ ಹಿಡಿತದಲ್ಲಿ ಇಟ್ಟುಕೊಳ್ಳಬಹುದು. ಫ್ಲಾಟುಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ತಕರಾರು ಅಲ್ಲಿಗೂ ಕಾಲಿಟ್ಟಿದೆಯಾದರೂ, ನಗರವನ್ನೇ ಅಲುಗಾಡಿಸುವ ಮೆರವಣಿಗೆಗಳು ಹೊರಡುತ್ತಿರುವುದು ಪ್ರವಾಸೋದ್ಯಮಕ್ಕೆಂದೇ ಕಟ್ಟಿದ ಇಂಥ ಊರುಗಳಲ್ಲಿ ಅಲ್ಲ. ಶತಮಾನಗಳಿಂದ ಜನ ವಾಸಿಸುತ್ತ ಬಂದ, ಆ ವಾಸದ ಕಾರಣದಿಂದಲೇ ನೋಡಲು ಚೆಂದವಾದ ಹಳೆಯ ನಗರಗಳಲ್ಲಿ.

ಇಲ್ಲಿ ಎರಡು ಬದಲಾವಣೆಗಳು ಒಂದರ ಮೇಲೊಂದು ಬಂದವು. ಮೊದಲನೆಯದು ವಿಮಾನದ್ದು. 1990ರ ದಶಕದಲ್ಲಿ ಯುರೋಪಿನ ಒಕ್ಕೂಟ ತನ್ನ ಆಕಾಶವನ್ನು ಪೈಪೋಟಿಗೆ ತೆರೆಯಿತು. 1997ರ ವೇಳೆಗೆ ಒಕ್ಕೂಟದ ಯಾವ ದೇಶದ ವಿಮಾನ ಸಂಸ್ಥೆಯೂ ಇನ್ನಾವ ದೇಶದೊಳಗೂ ಹಾರಾಟ ನಡೆಸಬಹುದಾಯಿತು. ಕಡಿಮೆ ದರದ ವಿಮಾನಗಳು ಬಂದ ಮೇಲೆ ವರ್ಷಕ್ಕೊಮ್ಮೆ ಎರಡು ವಾರ ಹೋಗುತ್ತಿದ್ದವರು ವರ್ಷಕ್ಕೆ ನಾಲ್ಕು ಬಾರಿ ಎರಡೆರಡು ರಾತ್ರಿ ಹೋಗತೊಡಗಿದರು. ಅಂತರರಾಷ್ಟ್ರೀಯ ವಿಮಾನಗಳ ಇಂಧನಕ್ಕೆ ತೆರಿಗೆ ಹಾಕದಿರುವ ಪದ್ಧತಿ ನಾಗರಿಕ ವಿಮಾನಯಾನದ ಬಗೆಗಿನ 1944ರ ಷಿಕಾಗೋ ಒಪ್ಪಂದದ ಕಾಲದಿಂದ ಬೆಳೆದುಬಂದು ಇಂದಿಗೂ ಉಳಿದಿರುವುದರಿಂದ, ತನ್ನ ಕಾರಿಗೆ ಪೆಟ್ರೋಲ್ ತುಂಬಿಸುವವನು ತೆರುವ ತೆರಿಗೆಯನ್ನು ಮೋಜಿಗಾಗಿ ಹಾರುವವನು ತೆರಬೇಕಾಗಿಲ್ಲ. ಎರಡನೆಯ ಬದಲಾವಣೆ ಹಾಸಿಗೆಯದ್ದು. ಮನೆಗಳನ್ನು ಕೆಲವು ದಿನಗಳ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಜಾಲತಾಣ 2008ರಲ್ಲಿ ಹುಟ್ಟಿದ ಮೇಲೆ, ಹೋಟೆಲ್ ಕಟ್ಟುವ ಬಂಡವಾಳವಾಗಲಿ ವರ್ಷಗಟ್ಟಲೆ ಕಾಯುವ ತಾಳ್ಮೆಯಾಗಲಿ ಇಲ್ಲದೆ, ಯಾವುದೇ ಬೀದಿಯ ಯಾವುದೇ ಮಹಡಿಯ ಮನೆಯನ್ನು ಒಂದೇ ಸಂಜೆಯಲ್ಲಿ ಪ್ರವಾಸಿಯ ಕೋಣೆಯಾಗಿ ಮಾರ್ಪಡಿಸಬಹುದಾಯಿತು. ವಿಮಾನ ಜನರನ್ನು ಹೆಚ್ಚಿಸಿತು. ಅವರಿಗೆ ಜಾಗ ಮಾಡಿಕೊಟ್ಟಿದ್ದು ಊರಿನವರ ಮನೆಗಳು.

ಇದು ಹೇಗೆ ನಡೆಯುತ್ತದೆ ಎಂಬುದನ್ನು ಬಾರ್ಸಿಲೋನಾದ ಬಾರ್ಸಿಲೋನೆತಾ ಎಂಬ ಬಡಾವಣೆಯಲ್ಲಿ ಹತ್ತಿರದಿಂದ ನೋಡಬಹುದು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ನಗರವನ್ನು ಗೆದ್ದ ಸ್ಪೇನಿನ ಅರಸ ಒಂದು ಕೋಟೆ ಕಟ್ಟಲೆಂದು ರಿಬೇರಾ ಎಂಬ ಕೇರಿಯ ಮನೆಗಳನ್ನು ಕೆಡವಿಸಿದ. 1753ರಲ್ಲಿ ಬಂದರಿನ ಪಕ್ಕದ ಮರಳ ನಾಲಿಗೆಯ ಮೇಲೆ ಹೊಸ ಬಡಾವಣೆ ಎದ್ದಾಗ, ನೆಲೆ ಕಳೆದುಕೊಂಡವರಿಗೆ ಜಾಗ ಕೊಡುವುದು ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ಪ್ರತಿ ಮನೆ ಎಂಟು ಮೀಟರಿಗಿಂತ ತುಸು ಹೆಚ್ಚು ಅಗಲ, ಅಷ್ಟೇ ಉದ್ದ, ಎರಡೇ ಅಂತಸ್ತು. ಮೀನುಗಾರರು, ಬಂದರಿನ ಕೂಲಿಗಳು, ಲೋಹದ ಕಾರ್ಖಾನೆಯ ಕಾರ್ಮಿಕರು ಹೆಚ್ಚಿದಂತೆ ಮಹಡಿಯ ಮೇಲೆ ಮಹಡಿ ಬಂತು. ಮನೆಗಳು ಅರ್ಧವಾದವು, ಅರ್ಧ ಕಾಲಾಯಿತು. ಆ ಕಾಲು ಮನೆಗಳ ವಿಸ್ತೀರ್ಣ ಸುಮಾರು 30ರಿಂದ 35 ಚದರ ಮೀಟರ್. ಒಂದು ಕುಟುಂಬಕ್ಕೆ ಅದು ಇಕ್ಕಟ್ಟು. ಆದರೆ ಮೂರು ರಾತ್ರಿ ಇದ್ದು ಹೋಗುವ ಇಬ್ಬರಿಗೆ, ಸಮುದ್ರ ಎರಡು ನಿಮಿಷದ ದಾರಿಯಲ್ಲಿರುವಾಗ, ಅದಕ್ಕಿಂತ ಅನುಕೂಲವಾದ ಜಾಗ ಇಲ್ಲ. 1992ರ ಒಲಿಂಪಿಕ್ಸ್‌ಗಾಗಿ ಕಾರ್ಖಾನೆಗಳಿದ್ದ ತೀರವನ್ನು ತೆರವುಗೊಳಿಸಿ ಮರಳು ಹಾಸಿ ಕಡಲತೀರಗಳನ್ನು ನಿರ್ಮಿಸಿದ ಮೇಲೆ, ಬಡವರಿಗೆಂದು ಉಳಿದಿದ್ದ ಈ ಬಡಾವಣೆ ನಗರದಲ್ಲೇ ಹೆಚ್ಚು ಬೇಡಿಕೆಯ ಜಾಗಗಳ ಸಾಲಿಗೆ ಸೇರಿತು.

ಮನೆಯ ಮಾಲೀಕನ ಲೆಕ್ಕಾಚಾರವನ್ನು ದೂಷಿಸುವುದು ಸುಲಭ, ಆದರೆ ಮೊದಲು ಅದನ್ನು ತಿಳಿದುಕೊಳ್ಳಬೇಕು. ಸ್ಪೇನಿನ ಕಾನೂನಿನ ಪ್ರಕಾರ ವಾಸದ ಬಾಡಿಗೆ ಕರಾರಿನಲ್ಲಿ ಬಾಡಿಗೆದಾರನಿಗೆ 2019ರಿಂದ ಕನಿಷ್ಠ ಐದು ವರ್ಷಗಳ ರಕ್ಷಣೆಯಿದೆ. ಪ್ರವಾಸಿಗೆ ಕೊಟ್ಟರೆ ಅಂಥ ಹೊಣೆ ಯಾವುದೂ ಇಲ್ಲ, ಬೇಸಿಗೆಯ ಕೆಲವೇ ವಾರಗಳಲ್ಲಿ ತಿಂಗಳುಗಳ ಬಾಡಿಗೆ ಕೈಸೇರುತ್ತದೆ. ಪ್ರವಾಸಿ ಬಾಡಿಗೆಗೆ ಪರವಾನಗಿ ಸಿಗದವರು ಇನ್ನೊಂದು ದಾರಿ ಹಿಡಿದರು: ಹನ್ನೊಂದು ತಿಂಗಳ ತಾತ್ಕಾಲಿಕ ಕರಾರು. ನಮ್ಮಲ್ಲಿ ನೋಂದಣಿಯ ಖರ್ಚು ಉಳಿಸಲು ಬಳಸುವ ಹನ್ನೊಂದು ತಿಂಗಳು ಅಲ್ಲಿ ಬಾಡಿಗೆದಾರನ ರಕ್ಷಣೆಯನ್ನು ಮತ್ತು ಬಾಡಿಗೆಯ ಮಿತಿಯನ್ನು ತಪ್ಪಿಸಿಕೊಳ್ಳುವ ದಾರಿಯಾಯಿತು. ಹೀಗೆ ಒಂದು ಕಟ್ಟಡದಲ್ಲಿ ಮೊದಲ ಮನೆ ಪ್ರವಾಸಿಗಳ ಪಾಲಾದಾಗ ಮೆಟ್ಟಿಲುಗಳ ಮೇಲೆ ಸೂಟ್‌ಕೇಸಿನ ಗಾಲಿಗಳ ಸದ್ದು, ನಡುರಾತ್ರಿಯ ಗದ್ದಲ. ಎರಡನೆಯದು, ಮೂರನೆಯದು ಹೋದ ಮೇಲೆ ಕೆಳಗಿನ ದಿನಸಿ ಅಂಗಡಿಯ ಜಾಗದಲ್ಲಿ ಸಾಮಾನು ಇರಿಸಿಕೊಳ್ಳುವ ಲಾಕರ್ ಅಂಗಡಿ. ಬಾಗಿಲ ಪಕ್ಕ ಅಂಕಿ ಒತ್ತಿ ಕೀಲಿ ತೆಗೆದುಕೊಳ್ಳುವ ಪುಟ್ಟ ಪೆಟ್ಟಿಗೆಗಳ ಸಾಲು. ಕೊನೆಗೆ ಉಳಿದ ವಯಸ್ಸಾದವರಿಗೆ ಕಷ್ಟಕ್ಕೆ ಕೂಗಿ ಕರೆಯಲು ಪಕ್ಕದ ಮನೆಯಲ್ಲಿ ಪರಿಚಯದ ಮುಖವೇ ಇರುವುದಿಲ್ಲ.

ಆದರೆ ಬಾಡಿಗೆ ಏರಿಕೆಯ ಎಲ್ಲ ಪಾಪವನ್ನೂ ಪ್ರವಾಸಿಯ ತಲೆಗೆ ಕಟ್ಟುವುದು ಸರಿಯಲ್ಲ. ಬಾರ್ಸಿಲೋನಾವನ್ನು ಕುರಿತು ಅಲ್ಲಿನ ಅರ್ಥಶಾಸ್ತ್ರಜ್ಞರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಬಹಳ ಬೆಳಕು ಚೆಲ್ಲುತ್ತದೆ. ಏರ್‌ಬಿಎನ್‌ಬಿಯಿಂದಾಗಿ ಸಾಮಾನ್ಯ ಬಡಾವಣೆಯೊಂದರಲ್ಲಿ ಬಾಡಿಗೆ ಏರಿದ್ದು ಶೇಕಡ 1.9ರಷ್ಟು ಮಾತ್ರ. ಆದರೆ ಇಂಥ ಮನೆಗಳು ಅತಿ ದಟ್ಟವಾಗಿರುವ ಹತ್ತನೇ ಒಂದು ಭಾಗದ ಬಡಾವಣೆಗಳಲ್ಲಿ ಬಾಡಿಗೆ ಶೇಕಡ 7ರಷ್ಟು, ಮನೆಗಳ ಮಾರಾಟ ಬೆಲೆ ಶೇಕಡ 17ರಷ್ಟು ಏರಿತ್ತು. ಸರಾಸರಿಯನ್ನು ಹಿಡಿದು ಮಾತಾಡುವವರು ಸಮಸ್ಯೆಯೇ ಇಲ್ಲ ಎನ್ನುತ್ತಾರೆ, ಸಮುದ್ರದ ಪಕ್ಕದ ಬೀದಿಯವರು ನಮ್ಮ ಬದುಕೇ ಹೋಯಿತು ಎನ್ನುತ್ತಾರೆ. ಇಬ್ಬರ ಮಾತಿಗೂ ಆಧಾರವಿದೆ. ಉಳಿದ ಏರಿಕೆಗೆ ಬೇರೆ ಕಾರಣಗಳಿವೆ. 2008ರ ಆರ್ಥಿಕ ಕುಸಿತದ ನಂತರ ಸ್ಪೇನಿನಲ್ಲಿ ಮನೆ ಕಟ್ಟುವ ಕೆಲಸ ಬಹುಕಾಲ ನಿಂತಂತೆಯೇ ಇತ್ತು. ಸರ್ಕಾರದ ಒಡೆತನದ ಬಾಡಿಗೆ ಮನೆಗಳು ಯುರೋಪಿನ ಉತ್ತರದ ದೇಶಗಳಿಗೆ ಹೋಲಿಸಿದರೆ ಬಹಳ ಕಡಿಮೆ. ಹೂಡಿಕೆಗಾಗಿ ಮನೆ ಕೊಳ್ಳುವ ವಿದೇಶಿಯರ ಪಾತ್ರವೂ ಇದೆ; ಅಂಥವರಿಗೆ ವಾಸದ ಪರವಾನಗಿ ಕೊಡುತ್ತಿದ್ದ ‘ಗೋಲ್ಡನ್ ವೀಸಾ’ ಯೋಜನೆಯನ್ನು ಸ್ಪೇನ್ 2025ರ ಏಪ್ರಿಲ್‌ನಲ್ಲಿ ಮುಚ್ಚಿತು.

2024ರ ಜೂನ್‌ನಲ್ಲಿ ಬಾರ್ಸಿಲೋನಾದ ಮೇಯರ್ ಜೌಮೆ ಕೊಲ್ಬೋನಿ ಪ್ರಕಟಿಸಿದ ನಿರ್ಧಾರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹತ್ತು ವರ್ಷಗಳಲ್ಲಿ ಬಾಡಿಗೆ ಶೇಕಡ 68ರಷ್ಟು ಏರಿದೆ ಎಂದು ಹೇಳಿದ ಅವರು, ನಗರದಲ್ಲಿ ಪ್ರವಾಸಿ ಫ್ಲಾಟುಗಳಿಗೆ ಇರುವ 10,101 ಪರವಾನಗಿಗಳಲ್ಲಿ ಒಂದನ್ನೂ ನವೀಕರಿಸುವುದಿಲ್ಲ, 2028ರ ನವೆಂಬರ್ ವೇಳೆಗೆ ಎಲ್ಲವೂ ಮನೆಗಳಾಗಿ ಮರಳಬೇಕು ಎಂದರು. ಇದಕ್ಕೆ ಬಲ ಕೊಟ್ಟಿದ್ದು ಬಾರ್ಸಿಲೋನಾ ಸೇರಿದ ಕೆಟಲೋನಿಯಾ ಪ್ರಾಂತ್ಯದ ಸರ್ಕಾರ 2023ರಲ್ಲಿ ಹೊರಡಿಸಿದ ಶಾಸನ. ಅದನ್ನು ಸ್ಪೇನಿನ ಸಾಂವಿಧಾನಿಕ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಇಷ್ಟು ದೊಡ್ಡ ಪ್ರವಾಸಿ ನಗರವೊಂದು ಇಷ್ಟು ನೇರವಾದ ಹೆಜ್ಜೆ ಇಟ್ಟದ್ದು ಅಪರೂಪ, ಅದು ಸರಿಯಾದ ಹೆಜ್ಜೆ ಎಂದೇ ನಾನು ಭಾವಿಸುತ್ತೇನೆ. ಆದರೂ ಹತ್ತು ಸಾವಿರ ಮನೆಗಳು 16 ಲಕ್ಷ ಮೀರಿದ ಜನಸಂಖ್ಯೆಯ ನಗರದ ಬಾಡಿಗೆಯನ್ನು ಇಳಿಸಿಬಿಡುತ್ತವೆ ಎಂದು ನಿರೀಕ್ಷಿಸಲಾಗದು. ಬಾರ್ಸಿಲೋನೆತಾದಂಥ ಬಡಾವಣೆಗಳಿಗೆ ಉಸಿರು ಬಂದರೆ ಅದೇ ದೊಡ್ಡದು. ಜೊತೆಗೆ, ಮುಚ್ಚಿದ ಫ್ಲಾಟುಗಳು ಹನ್ನೊಂದು ತಿಂಗಳ ಕರಾರಿನ ಕಡೆಗೆ ಜಾರಿದರೆ ಊರಿನ ಕುಟುಂಬಗಳಿಗೆ ಏನೂ ಸಿಗುವುದಿಲ್ಲ.

ವೆನಿಸ್ ಹಿಡಿದ ದಾರಿ ಇದಕ್ಕೆ ತದ್ವಿರುದ್ಧ. ರಿಯಾಲ್ಟೊ ಸೇತುವೆಯ ಬಳಿ ಸಾನ್ ಬಾರ್ತೊಲೊಮಿಯೊ ಚೌಕದಲ್ಲಿ ಒಂದು ಔಷಧ ಅಂಗಡಿಯಿದೆ. ಅದರ ಕಿಟಕಿಯಲ್ಲಿ 2008ರಿಂದ ಒಂದು ಸಣ್ಣ ವಿದ್ಯುತ್ ಫಲಕ ಉರಿಯುತ್ತಿದೆ. ಕೆಂಪು ಅಂಕಿಗಳಲ್ಲಿ, ದ್ವೀಪಗಳ ಮೇಲಿರುವ ಹಳೆಯ ವೆನಿಸ್ಸಿನ ನಿವಾಸಿಗಳ ಸಂಖ್ಯೆಯನ್ನು ತೋರಿಸುವುದಷ್ಟೇ ಅದರ ಕೆಲಸ. 1951ರಲ್ಲಿ ಸುಮಾರು 1.75 ಲಕ್ಷವಿದ್ದ ಆ ಸಂಖ್ಯೆ 2022ರ ಆಗಸ್ಟ್‌ನಲ್ಲಿ 50 ಸಾವಿರಕ್ಕಿಂತ ಕೆಳಗಿಳಿಯಿತು. ಮರುವರ್ಷ ಊರಿನ ಕಾರ್ಯಕರ್ತರು ಇನ್ನೊಂದು ಎಣಿಕೆ ಶುರುಮಾಡಿದರು, ಪ್ರವಾಸಿಗರ ಹಾಸಿಗೆಗಳದ್ದು. ಅದೇ ವರ್ಷ ಅದು ನಿವಾಸಿಗಳ ಸಂಖ್ಯೆಯನ್ನು ಮೀರಿತು. ಈ ಇಳಿತದ ಆರಂಭಕ್ಕೆ ಪ್ರವಾಸಿಗರು ಕಾರಣರಲ್ಲ ಎಂಬುದನ್ನು ಮರೆಯಬಾರದು. ಯುದ್ಧಾನಂತರ ಉದ್ಯೋಗವೆಲ್ಲ ಎದುರಿನ ನೆಲದ ಮಾರ್ಗೇರಾದ ಕಾರ್ಖಾನೆಗಳಲ್ಲಿತ್ತು, ಅಲ್ಲಿನ ಮೆಸ್ತ್ರೆಯಲ್ಲಿ ತೇವವಿಲ್ಲದ, ಕಾರು ನಿಲ್ಲಿಸಬಹುದಾದ ಹೊಸ ಮನೆಗಳಿದ್ದವು. 1966ರ ನವೆಂಬರ್‌ನಲ್ಲಿ ನೀರು 194 ಸೆಂಟಿಮೀಟರ್ ಏರಿ ನೆಲಮಹಡಿಗಳನ್ನೆಲ್ಲ ಮುಳುಗಿಸಿದ ಮೇಲೆ ಹೋದವರು ಹಲವರು ಮರಳಲಿಲ್ಲ. ಆದರೆ ಹಾಗೆ ತೆರವಾದ ಮನೆಗಳಿಗೆ ಹೊಸ ಕುಟುಂಬಗಳು ಬರದಂತೆ ಮಾಡಿದ್ದು, ನಂತರ ಉಳಿದವರನ್ನೂ ಹೊರಗೆ ತಳ್ಳಿದ್ದು ಪ್ರವಾಸಿ ಬಾಡಿಗೆ.

ಅಲ್ಲಿನ ಆಡಳಿತ ಕೈಗೆತ್ತಿಕೊಂಡಿದ್ದು ಬಾಗಿಲಿನ ಶುಲ್ಕವನ್ನು. 2024ರ ಏಪ್ರಿಲ್ 25ರಿಂದ, ಜನ ಹೆಚ್ಚು ಸೇರುವ 29 ದಿನಗಳಲ್ಲಿ, ಬೆಳಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರವರೆಗೆ ಊರಿಗೆ ಬಂದು ರಾತ್ರಿ ತಂಗದೆ ಹೋಗುವವರು 5 ಯೂರೋ ಕೊಡಬೇಕಾಯಿತು. ಮರುವರ್ಷ ದಿನಗಳು 54ಕ್ಕೇರಿದವು, ಕೊನೆಯ ಗಳಿಗೆಯಲ್ಲಿ ನೋಂದಾಯಿಸುವವರಿಗೆ ಶುಲ್ಕ 10 ಯೂರೋ ಆಯಿತು. ಮೊದಲ ವರ್ಷ ಬೊಕ್ಕಸಕ್ಕೆ ಸುಮಾರು 24 ಲಕ್ಷ ಯೂರೋ ಬಂತು. ಸಂದಣಿ ಇಳಿಯಿತು ಎನ್ನಲು ಮಾತ್ರ ಗಟ್ಟಿ ಪುರಾವೆ ಇಲ್ಲ, ಇಳಿಯಬೇಕೆಂದು ನಿರೀಕ್ಷಿಸಲು ಕಾರಣವೂ ಇರಲಿಲ್ಲ. ಸಾವಿರಾರು ಮೈಲಿ ಹಾರಿ ಬಂದವನು 5 ಯೂರೋಗೆ ಹೆದರಿ ಸಾನ್ ಮಾರ್ಕೊ ಚೌಕವನ್ನು ಬಿಟ್ಟು ಹೋಗುವುದಿಲ್ಲ.

ಬೆಂಗಳೂರಿನಿಂದ ಹೊರಡುವ ಯುರೋಪ್ ಗುಂಪು ಪ್ರವಾಸಗಳಿಗೂ ಈ ನಿಯಮಕ್ಕೂ ನೇರ ನಂಟಿದೆ. ಒಂದೇ ಸುತ್ತಿನಲ್ಲಿ ಐದಾರು ದೇಶ ತೋರಿಸುವ ಇಂಥ ಪ್ರವಾಸಗಳಲ್ಲಿ ವೆನಿಸ್ಸಿಗೆ ಸಾಮಾನ್ಯವಾಗಿ ಸಿಗುವುದು ಅರ್ಧ ದಿನ. ರಾತ್ರಿ ತಂಗುವುದು ಎದುರಿನ ನೆಲದ ಹೋಟೆಲಿನಲ್ಲಿ. ಆ ಹೋಟೆಲ್ ಮೆಸ್ತ್ರೆಯಲ್ಲಿದ್ದರೆ ಅದು ವೆನಿಸ್ ನಗರಾಡಳಿತದ ವ್ಯಾಪ್ತಿಯೊಳಗೇ ಬರುವುದರಿಂದ ಪ್ರವೇಶ ಶುಲ್ಕದಿಂದ ವಿನಾಯಿತಿ ಇದೆ, ಅದನ್ನು ಮೊದಲೇ ನೋಂದಾಯಿಸಿಕೊಳ್ಳಬೇಕು ಅಷ್ಟೆ. ಪಾದುವಾದಂಥ ಬೇರೆ ಊರಿನಲ್ಲಿ ತಂಗಿದ್ದರೆ ವಿನಾಯಿತಿ ಇಲ್ಲ. 2024ರಿಂದ ಮಾರ್ಗದರ್ಶಿಯ ಹಿಂದೆ ಹೋಗುವ ಗುಂಪು 25 ಮಂದಿಯನ್ನು ಮೀರುವಂತಿಲ್ಲ, ಧ್ವನಿವರ್ಧಕ ಬಳಸುವಂತಿಲ್ಲ. ಒಂದು ಬಸ್ಸಿನ ತುಂಬ ಜನ ಒಟ್ಟಾಗಿ ನಡೆಯುವ ಕಾಲ ಅಲ್ಲಿ ಮುಗಿದಿದೆ.

ಶುಲ್ಕಕ್ಕಿಂತ ಹೆಚ್ಚು ಉಪಯೋಗವಾಗಬಹುದಾಗಿದ್ದ ಅಧಿಕಾರವೊಂದು ವೆನಿಸ್ಸಿನ ಕೈಯಲ್ಲಿತ್ತು ಎಂಬುದು ನನಗೆ ಅತ್ಯಂತ ನೋವಿನ ಸಂಗತಿ. 2022ರಲ್ಲಿ ಇಟಲಿಯ ಸಂಸತ್ತು ಪ್ರವಾಸಿ ಬಾಡಿಗೆ ಮನೆಗಳ ಸಂಖ್ಯೆಗೆ ಮಿತಿ ಹಾಕುವ ವಿಶೇಷ ಅಧಿಕಾರವನ್ನು ವೆನಿಸ್ಸಿಗೆ ಕೊಟ್ಟಿತ್ತು. ನಗರಾಡಳಿತ ಅದನ್ನು ಗಟ್ಟಿಯಾಗಿ ಬಳಸಲು ಮುಂದಾಗಲಿಲ್ಲ. ಬಂದುಹೋಗುವವರಿಂದ ಐದೈದು ಯೂರೋ ಪಡೆಯುವುದಕ್ಕೆ ಊರಿನಲ್ಲಿ ಯಾರ ವಿರೋಧವನ್ನೂ ಹೆಚ್ಚಾಗಿ ಕಟ್ಟಿಕೊಳ್ಳಬೇಕಿಲ್ಲ. ಮನೆ ಮಾಲೀಕರಾದರೆ ಮತದಾರರು.

ಹಡಗುಗಳ ವಿಷಯ ಬೇರೆ, ಏಕೆಂದರೆ ಕ್ರೂಸ್ ಎಂಬ ವಿಹಾರ ಹಡಗಿನ ಪ್ರವಾಸಿ ಊರಿನಲ್ಲಿ ಮಲಗುವುದೇ ಇಲ್ಲ. ಊಟ, ಹಾಸಿಗೆ, ಮನರಂಜನೆ ಎಲ್ಲ ಹಡಗಿನಲ್ಲೇ ಮುಗಿಯುವುದರಿಂದ ಊರಿಗೆ ಸಿಗುವ ಹಣ ಕಡಿಮೆ, ಆದರೆ ಸಾವಿರಾರು ಜನ ಒಂದೇ ಗಂಟೆಯೊಳಗೆ ಇಳಿಯುತ್ತಾರೆ. ಸುಮಾರು 15,500 ಜನರ, ಗ್ರೀಸ್ ದೇಶದ ಸಾಂಟೊರಿನಿ ದ್ವೀಪದಲ್ಲಿ ಇದು ಎದ್ದು ಕಾಣುತ್ತದೆ. ಸಮುದ್ರದ ನೀರು ತುಂಬಿದ ಜ್ವಾಲಾಮುಖಿಯ ಬಾಯಿಯೊಳಗೆ ಲಂಗರು ಹಾಕಿದ ಹಡಗುಗಳಿಂದ ಸಣ್ಣ ದೋಣಿಗಳಲ್ಲಿ ಜನ ಹಳೆಯ ಬಂದರಿಗೆ ಬರುತ್ತಾರೆ. ಅಲ್ಲಿಂದ ಕಡಿದಾದ ಬಂಡೆಯ ತುದಿಯಲ್ಲಿರುವ ಫಿರಾ ಪಟ್ಟಣಕ್ಕೆ ಹತ್ತಲು ಕೇಬಲ್ ಕಾರ್, ಇಲ್ಲವೇ ಸುಮಾರು ಆರುನೂರು ಮೆಟ್ಟಿಲುಗಳ ಅಂಕುಡೊಂಕಿನ ದಾರಿ. ಮೂರು ಹಡಗು ಒಟ್ಟಿಗೆ ಬಂದ ದಿನ ಸರತಿಯ ಸಾಲಿನಲ್ಲೇ ಅವರ ಬಹುಪಾಲು ಸಮಯ ಕಳೆಯುತ್ತದೆ. 2025ರಿಂದ ಅಲ್ಲಿ ದಿನಕ್ಕೆ 8,000 ಹಡಗು ಪ್ರಯಾಣಿಕರೆಂಬ ಮಿತಿ ಬಂದಿದೆ, ಹೆಚ್ಚು ಜನ ಬರುವ ತಿಂಗಳುಗಳಲ್ಲಿ ತಲೆಗೆ 20 ಯೂರೋ ಶುಲ್ಕವೂ ಇದೆ. ಕ್ರೊಯೇಷಿಯಾದ ಡುಬ್ರೊವ್ನಿಕ್ ಇದಕ್ಕೂ ಮೊದಲೇ ದಿನಕ್ಕೆ ಎರಡು ಹಡಗಿನ ನಿಯಮ ತಂದಿತ್ತು; ಪಾಲ್ಮಾ 2022ರಿಂದ ದಿನಕ್ಕೆ ಮೂರೆಂದು ಒಪ್ಪಂದ ಮಾಡಿಕೊಂಡಿದೆ; ವೆನಿಸ್ಸಿನ ಗ್ಯುದೆಕ್ಕಾ ಕಾಲುವೆಗೆ 25,000 ಟನ್ ಮೀರಿದ ಹಡಗುಗಳು 2021ರ ಆಗಸ್ಟ್‌ನಿಂದ ಬರುವಂತಿಲ್ಲ; ಬಾರ್ಸಿಲೋನಾ 2030ರೊಳಗೆ ತನ್ನ ಏಳು ಕ್ರೂಸ್ ಟರ್ಮಿನಲ್‌ಗಳನ್ನು ಐದಕ್ಕೆ ಇಳಿಸಲಿದೆ. ಹಡಗು ಎಷ್ಟೇ ದೊಡ್ಡದಾದರೂ ಅದಕ್ಕೆ ನಿಲ್ಲಲು ಜಾಗ ಬೇಕು, ಆ ಜಾಗ ಬಂದರಿನ ಅಧೀನದಲ್ಲಿರುತ್ತದೆ. ಹಾಗಾಗಿ ಈ ಮಿತಿಗಳನ್ನು ಜಾರಿಗೆ ತರುವುದು ಮನೆಗಳ ಮಿತಿಗಿಂತ ಬಹಳ ಸುಲಭ.

ಮಿತಿ ಯಾವಾಗ ಕೆಲಸ ಮಾಡುತ್ತದೆ ಎಂಬುದಕ್ಕೆ ಫ್ರಾನ್ಸಿನ ಮಾರ್ಸೇಲ್ಸ್ ಪಕ್ಕದ ಸುಜಿತೋನ್ ಕೊಲ್ಲಿ ಒಳ್ಳೆಯ ಉದಾಹರಣೆ. 2012ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಲಾಂಕ್ ಸುಣ್ಣದ ಬಂಡೆಗಳ ನಡುವೆ ಇರುವ ಈ ಪುಟ್ಟ ತೀರಕ್ಕೆ ಬೇಸಿಗೆಯಲ್ಲಿ ಒಂದೇ ದಿನ 2,500 ಜನರವರೆಗೆ ಬರುತ್ತಿದ್ದರು. ತುಳಿತಕ್ಕೆ ಮಣ್ಣು ಸವೆದು ಪೈನ್ ಮರಗಳ ಬೇರುಗಳು ಹೊರಬಿದ್ದಿದ್ದವು, ಹೊಸ ಸಸಿ ಮೇಲೇಳುತ್ತಿರಲಿಲ್ಲ. 2022ರ ಬೇಸಿಗೆಯಿಂದ ಅಲ್ಲಿಗೆ ದಿನಕ್ಕೆ 400 ಮಂದಿಗೆ ಮಾತ್ರ ಪ್ರವೇಶ. ಮುಂಗಡ ನೋಂದಣಿ ಉಚಿತ. ನೋಂದಣಿಯಿಲ್ಲದೆ ಇಳಿದವರಿಗೆ 68 ಯೂರೋ ದಂಡ. ಹಣವಿದ್ದವರಿಗೆ ಮೊದಲ ಸಾಲು ಎಂಬ ಏರ್ಪಾಡು ಇಲ್ಲದಿರುವುದು ನನಗೆ ಇಲ್ಲಿ ಬಹಳ ಮೆಚ್ಚುಗೆಯಾದ ಅಂಶ: ಮಾರ್ಸೇಲ್ಸ್‌ನ ಬಡ ಬಡಾವಣೆಯ ಹುಡುಗನಿಗೂ ಪ್ಯಾರಿಸ್ಸಿನಿಂದ ಬಂದವನಿಗೂ ಅಲ್ಲಿ ಒಂದೇ ನಿಯಮ. ಆದರೆ ಸುಜಿತೋನ್‌ಗೆ ಹೋಗುವ ಕಾಲುದಾರಿಯನ್ನು ಕಾಯುವುದು ಸಾಧ್ಯ, ಅಲ್ಲಿ ಮನೆಗಳಿಲ್ಲ, ಅಂಗಡಿಗಳಿಲ್ಲ, ಕಚೇರಿಗೆ ಓಡುವವರಿಲ್ಲ. ಇದೇ ಕ್ರಮವನ್ನು ಜನ ವಾಸಿಸುವ ಊರಿಗೆ ಹೊಂದಿಸಲು ಹೊರಟರೆ ಊರು ಟಿಕೆಟ್ ಇಟ್ಟ ವಸ್ತುಸಂಗ್ರಹಾಲಯವಾಗುತ್ತದೆ. ವೆನಿಸ್ಸಿನಲ್ಲಿ ಶುಲ್ಕವನ್ನು ವಿರೋಧಿಸಿದ ನಿವಾಸಿಗಳ ಆತಂಕ ಇದೇ ಆಗಿತ್ತು.

ಪ್ರವಾಸೋದ್ಯಮ ಬೇಡವೇ ಬೇಡ ಎನ್ನುವವರು ಈ ಊರುಗಳಲ್ಲೂ ಕಡಿಮೆ, ಅದಕ್ಕೆ ಕಾರಣ ಸ್ಪಷ್ಟ. ಸ್ಪೇನಿನ ಒಟ್ಟು ಉತ್ಪನ್ನದಲ್ಲಿ ಸುಮಾರು ಎಂಟನೇ ಒಂದು ಭಾಗ ಇದರಿಂದಲೇ ಬರುತ್ತದೆ. 2019ರಲ್ಲಿ 8.35 ಕೋಟಿ ಇದ್ದ ವಿದೇಶಿ ಪ್ರವಾಸಿಗರು ಕೊರೊನಾ ಬಂದ 2020ರಲ್ಲಿ 1.9 ಕೋಟಿಗೆ ಕುಸಿದಾಗ ಬೀದಿಗಳು ನಿಶ್ಶಬ್ದವಾದವು, ಜೊತೆಗೆ ಲಕ್ಷಾಂತರ ಜನರ ಸಂಬಳವೂ ನಿಂತಿತು. ಒಂದೇ ಫ್ಲಾಟನ್ನು ಬಾಡಿಗೆಗೆ ಕೊಟ್ಟು ಪಿಂಚಣಿಗೆ ಪೂರಕವಾಗಿ ಬದುಕುತ್ತಿರುವ ಹಿರಿಯರೂ ಇದ್ದಾರೆ. ಅವರನ್ನು ಇಡೀ ಕಟ್ಟಡಗಳನ್ನೇ ಕೊಳ್ಳುವ ಹೂಡಿಕೆ ಸಂಸ್ಥೆಗಳ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಫ್ಲಾಟುಗಳನ್ನು ಮುಚ್ಚಿದರೆ ಹೋಟೆಲ್ ಮಾಲೀಕರಿಗೆ ಲಾಭ ಎಂಬ ಟೀಕೆಯಲ್ಲೂ ಹುರುಳಿದೆ.

ಆದರೆ ಈ ಉದ್ಯಮ ಉಳಿಯಬೇಕಾದರೂ ಅದರಲ್ಲಿ ದುಡಿಯುವವರಿಗೆ ಮಲಗಲು ಜಾಗ ಬೇಕಲ್ಲವೇ? ಇಬಿಝಾದಲ್ಲಿ ಬೇಸಿಗೆಯ ಕೆಲಸಕ್ಕೆ ಬರುವ ಅಡುಗೆಯವರು, ಕೋಣೆ ಸ್ವಚ್ಛಗೊಳಿಸುವವರು ವ್ಯಾನುಗಳಲ್ಲಿ, ಖಾಲಿ ನಿವೇಶನಗಳ ಡೇರೆಗಳಲ್ಲಿ ವಾಸಿಸುತ್ತಿದ್ದಾರೆ. ಅಲ್ಲಿಗೆ ವರ್ಗವಾದ ಶಿಕ್ಷಕರು, ಪೊಲೀಸರು, ವೈದ್ಯರು ಮನೆ ಸಿಗದೆ ಹುದ್ದೆಯನ್ನೇ ನಿರಾಕರಿಸುವುದು ಸಾಮಾನ್ಯವಾಗಿದೆ. ನೀರಿನ ಪ್ರಶ್ನೆಯೂ ಇದರೊಳಗೇ ಸೇರಿದೆ. 2024ರ ಫೆಬ್ರುವರಿಯಲ್ಲಿ ಜಲಾಶಯಗಳು ಶೇಕಡ 16ಕ್ಕಿಂತ ಕೆಳಗಿಳಿದು ಬಾರ್ಸಿಲೋನಾ ಪ್ರದೇಶದಲ್ಲಿ ಬರದ ತುರ್ತುಸ್ಥಿತಿ ಘೋಷಣೆಯಾದಾಗ ನಿವಾಸಿಗಳಿಗೆ ತಲೆಗೆ ದಿನಕ್ಕೆ 200 ಲೀಟರಿನ ಮಿತಿ ಬಂತು; ಹೋಟೆಲುಗಳ ಈಜುಕೊಳಗಳನ್ನು ಏನು ಮಾಡಬೇಕೆಂಬುದು ಅಂದು ಬೀದಿಯ ಚರ್ಚೆಯಾಗಿತ್ತು.

ಎಣಿಕೆಯೇ ಇಲ್ಲದೆ ಮಿತಿ ಹಾಕಲಾಗದು ಎಂಬ ಸರಳ ಸತ್ಯವನ್ನು ಯುರೋಪಿನ ಒಕ್ಕೂಟ ತಡವಾಗಿ ಒಪ್ಪಿಕೊಂಡಿದೆ. 2024ರಲ್ಲಿ ಅಂಗೀಕಾರವಾಗಿ 2026ರ ಮೇ 20ರಿಂದ ಅನ್ವಯವಾಗುವ ನಿಯಮದಂತೆ ಅಲ್ಪಾವಧಿ ಬಾಡಿಗೆ ಜಾಲತಾಣಗಳು ನೋಂದಣಿ ಸಂಖ್ಯೆಯನ್ನು ಪ್ರದರ್ಶಿಸಿ, ಯಾವ ಮನೆ ಎಷ್ಟು ರಾತ್ರಿ ಬಾಡಿಗೆಗೆ ಹೋಯಿತು ಎಂಬ ಮಾಹಿತಿಯನ್ನು ಆಡಳಿತಕ್ಕೆ ಒಪ್ಪಿಸಬೇಕು. ಇದರ ಅಗತ್ಯ ಎಷ್ಟಿತ್ತು ಎಂಬುದು 2025ರ ಮೇ ತಿಂಗಳಲ್ಲೇ ಗೊತ್ತಾಯಿತು: ಸ್ಪೇನಿನ ಗ್ರಾಹಕ ವ್ಯವಹಾರ ಸಚಿವಾಲಯ ಪರವಾನಗಿ ಸಂಖ್ಯೆಯಿಲ್ಲದಿರುವುದು ಮುಂತಾದ ಕಾರಣಗಳಿಗೆ 65 ಸಾವಿರಕ್ಕೂ ಹೆಚ್ಚು ಜಾಹೀರಾತುಗಳನ್ನು ತೆಗೆಯುವಂತೆ ಏರ್‌ಬಿಎನ್‌ಬಿಗೆ ಆದೇಶಿಸಿತು. ಪಾಲ್ಮಾ ನಗರ 2018ರಲ್ಲೇ ವಾಸದ ಕಟ್ಟಡಗಳ ಫ್ಲಾಟುಗಳಲ್ಲಿ ಪ್ರವಾಸಿ ಬಾಡಿಗೆಯನ್ನು ನಿಷೇಧಿಸಿದ್ದರೂ ಕದ್ದುಮುಚ್ಚಿ ಕೊಡುವುದು ನಿಂತಿರಲಿಲ್ಲ. ಪತ್ತೆ ಹಚ್ಚುವ ಸಿಬ್ಬಂದಿ ಬೆರಳೆಣಿಕೆಯಷ್ಟಿದ್ದರೆ ಯಾವ ನಿಷೇಧವೂ ಕಾಗದ ದಾಟುವುದಿಲ್ಲ.

ಮುಂದಿನ ಪರೀಕ್ಷೆ ಬಾರ್ಸಿಲೋನಾದ ಮತಪೆಟ್ಟಿಗೆಯಲ್ಲಿ ನಡೆಯಲಿದೆ. ಪರವಾನಗಿಗಳ ಗಡುವು 2028ರ ನವೆಂಬರ್. ಸ್ಪೇನಿನ ನಗರಸಭೆಗಳ ಚುನಾವಣೆ ಅದಕ್ಕೂ ಮೊದಲು, 2027ರ ಮೇನಲ್ಲಿ. ಕೊಲ್ಬೋನಿ ಅವರ ಪಕ್ಷ 2023ರಲ್ಲಿ ಗೆದ್ದಿದ್ದು 41 ಸ್ಥಾನಗಳಲ್ಲಿ 10 ಮಾತ್ರ. ಫ್ಲಾಟ್ ಮಾಲೀಕರ ಸಂಘಟನೆ ಪರಿಹಾರ ಕೇಳುತ್ತಿದೆ, ಕಾನೂನು ಹೋರಾಟ ಬಿಟ್ಟಿಲ್ಲ. ಹೊಸ ನಗರಸಭೆ ಬಂದು ನವೀಕರಣಕ್ಕೆ ದಾರಿ ಮಾಡಿಕೊಟ್ಟರೆ ಈ ನಿರ್ಧಾರ ಜಾರಿಗೆ ಬರುವ ಮೊದಲೇ ಮುಗಿದುಹೋಗುತ್ತದೆ. ಅದು ಉಳಿದುಕೊಂಡರೆ, ತೆರವಾದ ಫ್ಲಾಟುಗಳಲ್ಲಿ ಎಷ್ಟು ಮನೆಗಳಿಗೆ ಐದು ವರ್ಷದ ಬಾಡಿಗೆ ಕರಾರು ಬರೆಯಲಾಯಿತು, ಎಷ್ಟಕ್ಕೆ ಹನ್ನೊಂದು ತಿಂಗಳದ್ದು ಎಂಬ ಲೆಕ್ಕವನ್ನು ಬಡಾವಣೆವಾರು ಪ್ರಕಟಿಸುವಂತೆ ನಗರಸಭೆಯನ್ನು ಈಗಿನಿಂದಲೇ ಒತ್ತಾಯಿಸಬೇಕಾಗಿದೆ.